ಮಧ್ಯೆ ಕೂರುವವರು ಬೇರೆ, ಪಕ್ಕದಲ್ಲಿ ಕೂರುವವರು ಬೇರೆ

ಪ್ರಶ್ನೆ: ನಮ್ಮದು ಮೂಡಿಗೆರೆ ತಾಲ್ಲೂಕು. ಅಪ್ಪ ತೀರಿಕೊಂಡು ಆರು ವರ್ಷವಾಯಿತು. ಒಂಬತ್ತು ಎಕರೆ ಕಾಫಿ ತೋಟ, ಒಂದೂವರೆ ಎಕರೆ ಗದ್ದೆ, ಹಳೇ ಮನೆ ಇದೆ. ಪಹಣಿ ಇನ್ನೂ ಅಪ್ಪನ ಹೆಸರಿನಲ್ಲೇ ಇದೆ. ತೋಟವನ್ನು ಅಣ್ಣ ನೋಡಿಕೊಳ್ಳುತ್ತಾನೆ. ನಾನು ಚಿಕ್ಕಮಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಲೆಕ್ಕ ಕೇಳಿದೆ ಅಂತ ಎರಡು ವರ್ಷದಿಂದ ಮಾತು ಬಿಟ್ಟಿದ್ದಾನೆ. ಊರ ಹಿರಿಯರು ಎರಡು ಸಲ ಪಂಚಾಯ್ತಿ ಮಾಡಿದರು, ನಿಲ್ಲಲಿಲ್ಲ. ತಂಗಿ ಮದುವೆಯಾಗಿ ಬೆಳ್ತಂಗಡಿಯಲ್ಲಿದ್ದಾಳೆ, ಅವಳು ಏನೂ ಕೇಳಿಲ್ಲ. ಕೋರ್ಟಿಗೆ ಹೋಗಲು ನನಗೆ ಇಷ್ಟವಿಲ್ಲ, ಅಮ್ಮ ಅದನ್ನು ತಡೆದುಕೊಳ್ಳುವುದಿಲ್ಲ. ಮೀಡಿಯೇಷನ್ ಮಾಡಿಸುವ ವಕೀಲರು ಇರುತ್ತಾರೆ ಅಂತ ಕೇಳಿದ್ದೇನೆ. ಫೋನಿನಲ್ಲಿ ಹುಡುಕಿದರೆ ಬರೀ ಬೆಂಗಳೂರಿನವರ ಹೆಸರು ಬರುತ್ತದೆ. ನಮ್ಮ ಕಡೆ ಅಂಥವರನ್ನು ಹುಡುಕುವುದು ಹೇಗೆ? ಫೀಸು ಹೇಗಿರುತ್ತದೆ?

ಉತ್ತರ: ನೀವು ಒಬ್ಬರನ್ನು ಹುಡುಕುತ್ತಿದ್ದೀರಿ. ನಿಮಗೆ ಬೇಕಾಗಿರುವುದು ಇಬ್ಬರು.

ನಿಮ್ಮ ಮತ್ತು ಅಣ್ಣನ ನಡುವೆ ಕೂತು ಮಾತು ಆಡಿಸುವವರು ಒಬ್ಬರು. ಅವರು ಮಧ್ಯಸ್ಥಗಾರರು. ನಿಮ್ಮ ಪಕ್ಕದಲ್ಲಿ ಕೂತು, ನಿಮಗೆ ಎಷ್ಟು ಹಕ್ಕಿದೆ, ಯಾವ ಕಾಗದಕ್ಕೆ ಸಹಿ ಹಾಕಬೇಕು, ಯಾವುದಕ್ಕೆ ಹಾಕಬಾರದು ಅಂತ ಹೇಳುವವರು ಇನ್ನೊಬ್ಬರು. ಅವರು ನಿಮ್ಮ ವಕೀಲರು. ಜನ ಈ ಎರಡನ್ನೂ ಸೇರಿಸಿ 'ಮೀಡಿಯೇಷನ್ ಲಾಯರ್' ಅನ್ನುತ್ತಾರೆ. ಗೊಂದಲ ಶುರುವಾಗುವುದೇ ಅಲ್ಲಿ. ಹಾಸನ, ಚಿಕ್ಕಮಗಳೂರು ಎರಡೂ ಕಡೆ ನಾನು ಈ ಎರಡು ಕುರ್ಚಿಯಲ್ಲೂ ಕೂತಿದ್ದೇನೆ. ಒಂದೇ ಜಗಳದಲ್ಲಿ ಎರಡರಲ್ಲೂ ಕೂರುವಂತಿಲ್ಲ.

ಮಧ್ಯಸ್ಥಗಾರರು ತೀರ್ಪು ಕೊಡುವುದಿಲ್ಲ. ನಿಮ್ಮದು ಸರಿ, ಅಣ್ಣನದು ತಪ್ಪು ಅನ್ನುವುದಿಲ್ಲ. ಇಬ್ಬರನ್ನೂ ಒಟ್ಟಿಗೆ ಕೂರಿಸುತ್ತಾರೆ, ಆಮೇಲೆ ಒಬ್ಬೊಬ್ಬರನ್ನೇ ಬೇರೆ ಕೋಣೆಯಲ್ಲಿ ಮಾತಾಡಿಸುತ್ತಾರೆ. ಅಲ್ಲಿ ನೀವು ಗುಟ್ಟಾಗಿ ಹೇಳಿದ್ದನ್ನು ನಿಮ್ಮ ಒಪ್ಪಿಗೆ ಇಲ್ಲದೆ ಅಣ್ಣನಿಗೆ ದಾಟಿಸುವುದಿಲ್ಲ. ಮಾತುಕತೆ ಮುರಿದು ನಾಳೆ ಕೇಸು ನಡೆದರೂ ಅಲ್ಲಿ ಆಡಿದ ಮಾತನ್ನು ಸಾಕ್ಷಿಯಾಗಿ ಬಳಸುವಂತಿಲ್ಲ. ಊರ ಪಂಚಾಯ್ತಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಪಂಚಾಯ್ತಿಯಲ್ಲಿ ಆಡಿದ ಮಾತು ಸಂಜೆಯೊಳಗೆ ಕಾಫಿ ಡಿಪೊ ತನಕ ತಲುಪಿರುತ್ತದೆ, ಅಲ್ವಾ? ನಿಮ್ಮ ಎರಡು ಪಂಚಾಯ್ತಿಗಳು ನಿಲ್ಲದಿರುವುದಕ್ಕೆ ಅದೂ ಒಂದು ಕಾರಣ ಇರಬಹುದು. ಊರವರ ಎದುರು ಒಂದು ಸಲ 'ಆಗಲ್ಲ' ಅಂದವನು ಮರುದಿನ 'ಆಗಲಿ' ಅನ್ನುವುದು ಕಷ್ಟ.

ಈಗ ಸಮಾಧಾನದ ಸುದ್ದಿ. ಮಧ್ಯೆ ಕೂರುವವರನ್ನು ನೀವು ಹುಡುಕಬೇಕಾಗಿಲ್ಲ. ದುಡ್ಡು ಕೊಡಬೇಕಾಗಿಯೂ ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಂ ಈಗಿನ ರೂಪದಲ್ಲಿ ಜಾರಿಗೆ ಬಂದದ್ದು 2002ರ ಜುಲೈ 1ರಂದು. ಕೋರ್ಟಿಗೆ ಬಂದ ವ್ಯಾಜ್ಯವನ್ನು ರಾಜಿಗೆ ಕಳಿಸಲು ನ್ಯಾಯಾಧೀಶರಿಗೆ ಇದರಲ್ಲಿ ದಾರಿಯಿದೆ. ಕರ್ನಾಟಕ ಹೈಕೋರ್ಟ್ 2007ರಲ್ಲಿ ಬೆಂಗಳೂರಿನಲ್ಲಿ ಮಧ್ಯಸ್ಥಿಕೆ ಕೇಂದ್ರ ಶುರು ಮಾಡಿತು. ಆಮೇಲೆ ಜಿಲ್ಲಾ ನ್ಯಾಯಾಲಯಗಳಲ್ಲೂ ಕೇಂದ್ರಗಳಾದವು. ಅಲ್ಲಿ ಕೂರುವ ಮಧ್ಯಸ್ಥಗಾರರು ಬಹುತೇಕ ಅನುಭವಿ ವಕೀಲರೇ. ಆದರೆ ಅದಕ್ಕೆಂದೇ 40 ಗಂಟೆಗಳ ತರಬೇತಿ ಮಾಡಿ ಬಂದವರು. ವಾದ ಮಾಡುವ ಚಟ ಬಿಡಿಸಲು 40 ಗಂಟೆ ಸಾಲದು ಅಂತ ನಾವೇ ತಮಾಷೆ ಮಾಡಿಕೊಳ್ಳುತ್ತೇವೆ, ಇರಲಿ.

ನಿಮ್ಮ ವಿಷಯದಲ್ಲಿ ಇನ್ನೂ ಕೇಸೇ ಇಲ್ಲ. ಹಾಗಿದ್ದರೂ ದಾರಿಯಿದೆ. ಚಿಕ್ಕಮಗಳೂರಿನ ಜಿಲ್ಲಾ ನ್ಯಾಯಾಲಯದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ. ಮೂಡಿಗೆರೆ ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ವಿಷಯವನ್ನು ಒಂದು ಬಿಳಿ ಹಾಳೆಯಲ್ಲಿ ಬರೆದು, ಎದುರಿನವರ ಹೆಸರು ವಿಳಾಸ ಹಾಕಿ, ವ್ಯಾಜ್ಯಪೂರ್ವ ರಾಜಿಗೆ ಅರ್ಜಿ ಕೊಡಬಹುದು. ವಿಳಾಸ, ವೇಳೆ ತಿಳಿಯದಿದ್ದರೆ 15100ಕ್ಕೆ ಫೋನ್ ಮಾಡಿ. ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಅರ್ಜಿ ಕೊಟ್ಟ ಮೇಲೆ ಅವರೇ ಅಣ್ಣನಿಗೆ ತಿಳಿವಳಿಕೆ ಪತ್ರ ಕಳಿಸಿ ಕರೆಸುತ್ತಾರೆ.

ಇಲ್ಲಿ ನನ್ನ ಒಂದು ಅಭಿಪ್ರಾಯ ಇದೆ. ಕೆಲವು ವಕೀಲ ಮಿತ್ರರು ಇದನ್ನು ಒಪ್ಪುವುದಿಲ್ಲ. ಅಣ್ಣನಿಗೆ ಮೊದಲೇ ಲೀಗಲ್ ನೋಟಿಸ್ ಕಳಿಸಬೇಡಿ. ಆ ನೋಟಿಸಿನ ಭಾಷೆಯೇ ಹಾಗೆ. 'ನೀವು ದುರುದ್ದೇಶದಿಂದ', 'ಏಳು ದಿನದೊಳಗೆ', 'ತಪ್ಪಿದಲ್ಲಿ ಖರ್ಚು ವೆಚ್ಚ ನಿಮ್ಮ ಮೇಲೆ'. ಪೋಸ್ಟ್‌ಮ್ಯಾನ್ ಅದನ್ನು ಅತ್ತಿಗೆಯ ಕೈಗೆ ಕೊಟ್ಟ ದಿನವೇ ರಾಜಿಯ ಮಾತು ಅರ್ಧ ಮುಗಿಯುತ್ತದೆ. ಪ್ರಾಧಿಕಾರದ ಪತ್ರದಲ್ಲಿ ಬೈಗುಳ ಇರುವುದಿಲ್ಲ. 'ಇಂಥ ದಿನ ಬಂದು ಮಾತಾಡಿ' ಅಂತಷ್ಟೇ ಇರುತ್ತದೆ. ಮೇಲೆ ಕೋರ್ಟಿನ ಮುದ್ರೆ ಇರುವುದರಿಂದ ಜನ ಬರುತ್ತಾರೆ ಕೂಡ. ಬರಲೇಬೇಕು ಅಂತ ಬಲವಂತ ಮಾಡಲು ಮಾತ್ರ ಆಗುವುದಿಲ್ಲ. ಬರದೇ ಹೋದರೆ ಆ ಅರ್ಜಿ ಅಲ್ಲಿಗೆ ಮುಗಿಯಿತು.

ಲೋಕ ಅದಾಲತ್ ಬಗ್ಗೆಯೂ ನೀವು ಕೇಳಿರುತ್ತೀರಿ. ರಾಷ್ಟ್ರೀಯ ಲೋಕ ಅದಾಲತ್ ವರ್ಷಕ್ಕೆ ನಾಲ್ಕು ಸಲ, ಸಾಮಾನ್ಯವಾಗಿ ಎರಡನೇ ಶನಿವಾರ ನಡೆಯುತ್ತದೆ. ಅಲ್ಲಿ ಆದ ರಾಜಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಸಿವಿಲ್ ಕೋರ್ಟಿನ ಡಿಕ್ರಿಯ, ಅಂದರೆ ತೀರ್ಪಿನ ಆದೇಶದ ಬಲ ಇದೆ. ಅದರ ಮೇಲೆ ಅಪೀಲು ಇಲ್ಲ. ಆದರೆ ಆ ದಿನದ ಗಲಾಟೆ ನೋಡಬೇಕು. ಚೆಕ್ ಬೌನ್ಸ್, ಅಪಘಾತದ ಪರಿಹಾರ, ಬ್ಯಾಂಕ್ ಸಾಲ, ಎಲ್ಲ ಒಂದೇ ಕಾರಿಡಾರಿನಲ್ಲಿ. ಮೊತ್ತ ಒಂದೇ, ಅದನ್ನು ಒಪ್ಪಿದರೆ ಮುಗಿಯಿತು ಅನ್ನುವ ವ್ಯಾಜ್ಯಕ್ಕೆ ಅದು ಬಹಳ ಒಳ್ಳೆಯ ಜಾಗ. ಎರಡು ವರ್ಷ ಮಾತು ಬಿಟ್ಟ ಅಣ್ಣ ತಮ್ಮ ಮೊದಲ ಸಲ ಎದುರು ಬದುರು ಕೂರಲು ಅದು ಜಾಗವಲ್ಲ. ಮಾತನ್ನು ನಿಧಾನವಾಗಿ ಬೇರೆ ದಿನ, ಬೇರೆ ಕೋಣೆಯಲ್ಲಿ ಆಡಿ ಮುಗಿಸಿ. ಲೋಕ ಅದಾಲತ್ತನ್ನು ಮುದ್ರೆ ಒತ್ತಿಸುವ ಜಾಗವಾಗಿ ಮಾತ್ರ ಬಳಸಿಕೊಳ್ಳಿ.

ಇನ್ನು ತಂಗಿ. ನೀವು ಅವಳ ಬಗ್ಗೆ ಒಂದೇ ಸಾಲು ಬರೆದಿದ್ದೀರಿ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆಯಾದದ್ದು ಆ ಸಾಲಿನಿಂದಲೇ.

'ಏನೂ ಕೇಳಿಲ್ಲ' ಅಂದರೆ 'ಏನೂ ಬೇಡ' ಅಂತ ಅರ್ಥವಲ್ಲ. ನಮ್ಮ ರಾಜ್ಯದಲ್ಲಿ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಂತೆ ಹಕ್ಕು ಕೊಟ್ಟಿದ್ದರು. 2005ರ ಸೆಪ್ಟೆಂಬರ್ 9ರಿಂದ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಬಂತು. ಮದುವೆಯಾಗಿರಲಿ ಬಿಡಲಿ, ಮಗಳು ಹುಟ್ಟಿನಿಂದಲೇ ಮಗನಷ್ಟೇ ಹಕ್ಕುದಾರಳು. 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಇದನ್ನು ಇನ್ನಷ್ಟು ಬಿಗಿಯಾಗಿ ಹೇಳಿತು. ತೋಟ ಅಜ್ಜನ ಕಾಲದಿಂದ ಬಂದ ಪಿತ್ರಾರ್ಜಿತವಾಗಿದ್ದರೆ ಈ ಲೆಕ್ಕ. ಅಪ್ಪನೇ ದುಡಿದು ಕೊಂಡದ್ದಾಗಿದ್ದು, ವಿಲ್ ಬರೆದಿಡದೆ ತೀರಿಕೊಂಡಿದ್ದರೆ ಲೆಕ್ಕ ಇನ್ನೂ ಸುಲಭ. ಅಮ್ಮ, ಅಣ್ಣ, ನೀವು, ತಂಗಿ. ನಾಲ್ಕು ಸಮಪಾಲು.

'ಅವಳ ಮದುವೆಗೆ ಅಷ್ಟು ಖರ್ಚು ಮಾಡಿದ್ದೇವಲ್ಲ' ಅಂತ ಅಣ್ಣ ಹೇಳಬಹುದು. ನೀವೂ ಮನಸ್ಸಿನಲ್ಲಿ ಅಂದುಕೊಂಡಿರಬಹುದು. ಮದುವೆ ಖರ್ಚು ಕೊಟ್ಟರೆ ಪಾಲು ಹೋಯಿತು ಅನ್ನುವ ಕಾನೂನು ಇಲ್ಲ. ಅವಳಿಗೆ ನಿಜವಾಗಿಯೂ ಬೇಡ ಅಂತಿದ್ದರೆ ಆ ಮಾತು ಹಕ್ಕು ಬಿಡುಗಡೆ ಪತ್ರವಾಗಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಬೇಕು. ಹಬ್ಬಕ್ಕೆ ಬಂದಾಗ ಇಪ್ಪತ್ತು ರೂಪಾಯಿ ಛಾಪಾ ಕಾಗದದ ಮೇಲೆ ಹಾಕಿಸಿಕೊಂಡ ಸಹಿ ಉಪಯೋಗಕ್ಕೆ ಬರುವುದಿಲ್ಲ. ತಂಗಿಯನ್ನು ಬಿಟ್ಟು ನೀವಿಬ್ಬರೂ ಎಷ್ಟೇ ಚೆನ್ನಾಗಿ ರಾಜಿಯಾಗಿ, ನಾಳೆ ಅವಳು, ಅಥವಾ ಅವಳ ನಂತರ ಅವಳ ಮಕ್ಕಳು ಒಂದು ದಾವೆ ಹಾಕಿದರೆ ಆ ರಾಜಿ ಬಿದ್ದುಹೋಗಬಹುದು. ಆದ್ದರಿಂದ ಮೊದಲ ದಿನದಿಂದಲೇ ಅವಳೂ ಅಮ್ಮನೂ ಆ ಕೋಣೆಯಲ್ಲಿ ಇರಬೇಕು. ಅತಿಥಿಗಳಾಗಿ ಅಲ್ಲ, ಪಾಲುದಾರರಾಗಿ.

ವಕೀಲರನ್ನು ಅಳೆಯಲು ನನ್ನ ಮೊದಲ ಪರೀಕ್ಷೆಯೂ ಇದೇ. ನೀವು ಕಥೆ ಹೇಳಿ ಮುಗಿಸಿದ ಮೇಲೆ, 'ಹೆಣ್ಣುಮಕ್ಕಳು ಎಷ್ಟು ಜನ ಇದ್ದಾರೆ?' ಅಂತ ಅವರೇ ಕೇಳಬೇಕು. ಕೇಳದೆ 'ಆಯ್ತು, ನಿಮ್ಮಿಬ್ಬರಿಗೂ ಒಂದು ಅಗ್ರಿಮೆಂಟ್ ಮಾಡಿಬಿಡೋಣ' ಅಂದರೆ, ನಮಸ್ಕಾರ ಹೇಳಿ ಎದ್ದು ಬನ್ನಿ.

ಹಾಗಾದರೆ ಈ ಎರಡನೆಯವರನ್ನು, ಅಂದರೆ ನಿಮ್ಮ ವಕೀಲರನ್ನು ಹುಡುಕುವುದು ಹೇಗೆ? ಫೋನಿನಲ್ಲಿ ಹುಡುಕಿದರೆ ಬೆಂಗಳೂರಿನವರೇ ಸಿಗುವುದಕ್ಕೆ ಕಾರಣ ಇದೆ. ಬಾರ್ ಕೌನ್ಸಿಲ್ ನಿಯಮದ ಪ್ರಕಾರ ವಕೀಲರು ಜಾಹೀರಾತು ಕೊಡುವಂತಿಲ್ಲ. ಹೀಗಾಗಿ ಮೂಡಿಗೆರೆ, ಸಕಲೇಶಪುರ, ಬೇಲೂರಿನ ಕೋರ್ಟುಗಳಲ್ಲಿ ಮೂವತ್ತು ವರ್ಷದಿಂದ ಪಾಲಿನ ಕೇಸು ನಡೆಸಿದವರ ಹೆಸರು ಫೋನಿನಲ್ಲಿ ಇರುವುದಿಲ್ಲ. ಎಷ್ಟು ಸ್ಟಾರ್, ಯಾರು ನಂಬರ್ ಒನ್ ಅನ್ನುವ ಪಟ್ಟಿಗಳನ್ನು ನಾನು ಲೆಕ್ಕಕ್ಕೇ ಇಡುವುದಿಲ್ಲ. ನಿಮ್ಮ ವ್ಯಾಜ್ಯಕ್ಕೆ ಬೆಂಗಳೂರಿನವರ ಅಗತ್ಯವೂ ಇಲ್ಲ. ನಿಮಗೆ ಬೇಕಾದವರು ಪೋಡಿ (ಸರ್ವೆ ನಂಬರನ್ನು ಅಳೆದು ಬೇರೆ ಮಾಡುವುದು) ಅಂದರೇನು, 11ಇ ನಕ್ಷೆ (ತುಂಡು ಮಾಡುವ ಜಮೀನಿನ ಅಳತೆ ನಕ್ಷೆ) ಅಂದರೇನು, ಕಣ (ಕಾಫಿ ಒಣಗಿಸುವ ಅಂಗಳ) ಅಂದರೇನು ಅಂತ ಬಲ್ಲವರು.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದಾಗ, ಇಲ್ಲಿ ತರಬೇತಿ ಪಡೆದ ಮಧ್ಯಸ್ಥಗಾರರು ಯಾರು ಯಾರಿದ್ದಾರೆ ಅಂತ ಕೇಳಿ. ಅವರಲ್ಲಿ ಒಬ್ಬರನ್ನು ನಿಮ್ಮ ವಕೀಲರಾಗಿ ಇಟ್ಟುಕೊಳ್ಳಬಹುದು. ಆಗ ಅವರು ಈ ವ್ಯಾಜ್ಯದಲ್ಲಿ ಮಧ್ಯೆ ಕೂರುವಂತಿಲ್ಲ, ಅಷ್ಟೇ. ಮಧ್ಯೆ ಕೂತು ಅಭ್ಯಾಸ ಇರುವವರು ಪಕ್ಕದಲ್ಲಿ ಕೂತಾಗಲೂ ಸುಮ್ನೆ ಕಿಡಿ ಹಚ್ಚುವುದಿಲ್ಲ. ಪಾಲು ಮುಗಿಸಿಕೊಂಡ ಮನೆಗಳು ನಿಮ್ಮ ಸುತ್ತ ಇದ್ದೇ ಇರುತ್ತವೆ. ಅವರನ್ನೂ ಕೇಳಿ. 'ಯಾರು ಗೆಲ್ಲಿಸಿದರು?' ಅಂತಲ್ಲ. 'ಯಾರು ಬರೆದ ಪತ್ರ ಇನ್ನೂ ತಕರಾರಿಲ್ಲದೆ ನಿಂತಿದೆ?' ಅಂತ.

ಭೇಟಿಯಾದಾಗ ಕೇಳಲು ಸಂಕೋಚ ಬೇಡ. ಎಷ್ಟು ಪಾಲಿನ ದಾವೆ ರಾಜಿಯಲ್ಲಿ ಮುಗಿಸಿದ್ದೀರಿ? ರಾಜಿ ಅರ್ಜಿಯನ್ನು ನೀವೇ ಬರೆಯುತ್ತೀರೋ, ಗುಮಾಸ್ತರ ಹಳೇ ನಮೂನೆ ತುಂಬಿಸುತ್ತೀರೋ? ಮಾತುಕತೆ ಮುರಿದರೆ ಕೇಸನ್ನೂ ನೀವೇ ನಡೆಸುತ್ತೀರಾ? ಅಣ್ಣನ ವಕೀಲರ ಜೊತೆ ಮಾತಾಡಲು ನಿಮಗೆ ಅಭ್ಯಂತರ ಇದೆಯಾ? ಕೊನೆಯ ಪ್ರಶ್ನೆಗೆ ಮುಖ ಸಿಂಡರಿಸಿದರೆ ಅವರು ಒಳ್ಳೆಯ ಕೇಸು ವಕೀಲರಿರಬಹುದು, ಈ ಕೆಲಸಕ್ಕಲ್ಲ. ಅವರು ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಾಯಿಸಿದ ಸಂಖ್ಯೆಯನ್ನೂ ಕೇಳಿ. ಬೇಜಾರು ಮಾಡಿಕೊಳ್ಳುವವರು ಕಡಿಮೆ. ಕೋರ್ಟಿನ ಹೊರಗೆ ಟೀ ಅಂಗಡಿ ಹತ್ತಿರ 'ನಾನು ಮಾಡಿಸಿಕೊಡ್ತೀನಿ ಬನ್ನಿ' ಅನ್ನುವವರಲ್ಲಿ ಎಲ್ಲರೂ ವಕೀಲರಲ್ಲ.

ಇನ್ನೊಂದು ಬಲೆ. 'ಅಣ್ಣ ತಮ್ಮ ಇಬ್ಬರಿಗೂ ನಾನೇ ಮಾಡಿಕೊಡ್ತೀನಿ, ಎರಡೆರಡು ಫೀಸು ಯಾಕೆ?' ಅನ್ನುವ ಮಾತು ಕೇಳಲು ಬಹಳ ಸಿಹಿ. ಒಪ್ಪಬೇಡಿ. ಒಂದು ಕಡೆಗೆ ವಕೀಲರಾದವರು ಅದೇ ವ್ಯಾಜ್ಯದಲ್ಲಿ ಎದುರಿನವರ ವಕೀಲರಾಗುವಂತಿಲ್ಲ. ರಾಜಿ ಚೆನ್ನಾಗಿದ್ದಾಗ ಇದು ಕಾಣುವುದಿಲ್ಲ. ಮುರಿದ ದಿನ ಇಬ್ಬರಿಗೂ 'ನನಗೆ ಮೋಸವಾಯಿತು' ಅನ್ನಿಸುತ್ತದೆ. ಅಣ್ಣನಿಗೂ ಅವನದೇ ವಕೀಲರು ಇರಲಿ. ಅವರು ಗಟ್ಟಿ ಇದ್ದಷ್ಟೂ ನಿಮಗೇ ಒಳ್ಳೆಯದು. ಯಾಕೆಂದರೆ 'ಆಗ ಯಾರೂ ಹೇಳಲಿಲ್ಲ, ಸಹಿ ಹಾಕಿಬಿಟ್ಟೆ' ಅಂತ ಅವನು ಆಮೇಲೆ ಹೇಳಲು ಆಗುವುದಿಲ್ಲ.

ಫೀಸಿಗೆ ದರಪಟ್ಟಿ ಇಲ್ಲ. ಊರಿಂದ ಊರಿಗೆ, ವಕೀಲರಿಂದ ವಕೀಲರಿಗೆ ಬೇರೆ. ನಿಮಗೆ ಹೇಳಬಹುದಾದದ್ದು ಇಷ್ಟು. ಕೆಲಸವನ್ನು ಹಂತಗಳಾಗಿ ಒಡೆದು ಕೇಳಿ. ಕಾಗದ ನೋಡಿ ಅಭಿಪ್ರಾಯ ಹೇಳಲು ಎಷ್ಟು, ಒಂದೊಂದು ಬೈಠಕ್ಕಿಗೆ ಎಷ್ಟು, ವಿಭಾಗ ಪತ್ರ ಬರೆದು ನೋಂದಣಿ ಮಾಡಿಸಲು ಎಷ್ಟು. ಮಾತನ್ನು ಬರವಣಿಗೆಯಲ್ಲಿ ಇಟ್ಟುಕೊಳ್ಳಿ, ರಸೀದಿ ತೆಗೆದುಕೊಳ್ಳಿ. 'ಸಿಗುವ ಜಮೀನಿನಲ್ಲಿ ಇಷ್ಟು ಪರ್ಸೆಂಟ್ ಕೊಡಿ' ಅಂದರೆ ಅದು ವಕೀಲರ ನಿಯಮಕ್ಕೇ ವಿರುದ್ಧ. ಅಮ್ಮ ಮತ್ತು ತಂಗಿಗೆ ವಕೀಲರ ಖರ್ಚೇ ಬೇಕಾಗಿಲ್ಲ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಪ್ರಾಧಿಕಾರ ಉಚಿತ ವಕೀಲರನ್ನು ಕೊಡುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ, ಕಡಿಮೆ ಆದಾಯದವರಿಗೂ ಈ ಸೌಲಭ್ಯ ಇದೆ. ವಕಾಲತ್ತಿಗೆ, ಅಂದರೆ ನಿಮ್ಮ ಪರ ನಡೆಯಲು ವಕೀಲರಿಗೆ ಕೊಡುವ ಅಧಿಕಾರ ಪತ್ರಕ್ಕೆ, ಸಹಿ ಹಾಕುವಾಗ ಒಂದು ಸಲ ಓದಿ. ಅದರಲ್ಲಿ ನಿಮ್ಮ ಪರವಾಗಿ ರಾಜಿ ಮಾಡಿಕೊಳ್ಳುವ ಅಧಿಕಾರದ ಸಾಲು ಇರುತ್ತದೆ. ರಾಜಿ ಪತ್ರಕ್ಕೆ ನಿಮ್ಮ ಸಹಿ ಇಲ್ಲದೆ ಮುಂದೆ ಹೋಗಬೇಡಿ ಅಂತ ಮೊದಲೇ ಹೇಳಿಬಿಡಿ.

ಈಗ ಕಾಗದದ ವಿಷಯ. ಒಂದು ಮನೆಯ ಕಥೆ ಹೇಳುತ್ತೇನೆ, ಊರು ಎಕರೆ ಎಲ್ಲ ಬದಲಾಯಿಸಿ. ಸಕಲೇಶಪುರದ ಕಡೆ ಅಂತಿಟ್ಟುಕೊಳ್ಳಿ. ಅಣ್ಣ ತಮ್ಮ ಇಬ್ಬರೇ, ರೊಬಸ್ಟಾ ತೋಟ, ಮಧ್ಯದಲ್ಲಿ ಕೆರೆ. ನಾನು ತಮ್ಮನ ವಕೀಲ. ಮೂರು ಬೈಠಕ್ಕಿನಲ್ಲಿ ಎಲ್ಲ ಮುಗಿಯಿತು. ತೋಟದ ಗಡಿ, ಮನೆ, ಕಣ, ಬ್ಯಾಂಕಿನ ಸಾಲ, ಎಲ್ಲ ಹಂಚಿದೆವು. ಪತ್ರ ಬರೆದದ್ದು ನಾನೇ. ಕೆರೆಯ ಬಗ್ಗೆ ಒಂದು ಸಾಲು ಬರೆದೆ, 'ಕೆರೆಯು ಇಬ್ಬರಿಗೂ ಸಮಾನವಾಗಿ ಸೇರಿದ್ದು'. ಎಲ್ಲರೂ ಕೈಕುಲುಕಿ, ಹೋಟೆಲಿನಲ್ಲಿ ಊಟ ಮಾಡಿ ಮನೆಗೆ ಹೋದರು.

ಮುಂದಿನ ಫೆಬ್ರವರಿಯಲ್ಲಿ ಹೂಮಳೆ ಬರಲಿಲ್ಲ. ರೊಬಸ್ಟಾ ಇರುವವರಿಗೆ ಗೊತ್ತು, ಆ ಹೊತ್ತಿಗೆ ನೀರು ಬೀಳದಿದ್ದರೆ ಹೂವಿಲ್ಲ, ಹೂವಿಲ್ಲದಿದ್ದರೆ ಆ ವರ್ಷವೇ ಇಲ್ಲ. ಇಬ್ಬರೂ ಒಂದೇ ರಾತ್ರಿ ಮೋಟಾರು ಇಳಿಸಿದರು. ಅಣ್ಣನದು ದೊಡ್ಡ ಡೀಸೆಲ್ ಎಂಜಿನ್, ತಮ್ಮನದು ಚಿಕ್ಕದು. ತಮ್ಮನ ಅರ್ಧ ತೋಟಕ್ಕೆ ಸ್ಪ್ರಿಂಕ್ಲರ್ ತಿರುಗುವ ಮುಂಚೆ ಕೆರೆ ಕೆಸರಾಯಿತು. ಬೆಳಿಗ್ಗೆ ಪೈಪು ಕಡಿದರು. ಆಮೇಲೆ ಪೊಲೀಸ್ ಠಾಣೆ. 'ಸಮಾನವಾಗಿ' ಅಂದರೆ ಏನು? ಸಮಾನ ನೀರಾ, ಸಮಾನ ದಿನಾನಾ, ಸಮಾನ ಮೋಟಾರಾ? ನನ್ನ ಪತ್ರದಲ್ಲಿ ಉತ್ತರ ಇರಲಿಲ್ಲ. ತಪ್ಪು ನನ್ನದೇ.

ಎರಡನೇ ಸಲ ಕೂತಾಗ ಕೆರೆಗೇ ಒಂದು ಇಡೀ ದಿನ ಹಿಡಿಯಿತು. ಬೆಸ ವರ್ಷ ಯಾರು ಮೊದಲು, ಸಮ ವರ್ಷ ಯಾರು ಮೊದಲು. ಎಷ್ಟು ಗಂಟೆಗೆ ಶುರು, ಎಷ್ಟು ಗಂಟೆಗೆ ನಿಲ್ಲಿಸಬೇಕು. ಎಷ್ಟು ಎಚ್‌ಪಿ ಮೋಟಾರಿಗಿಂತ ದೊಡ್ಡದು ಹಾಕುವಂತಿಲ್ಲ. ಮಧ್ಯೆ ಮಳೆ ಬಂದರೆ ಸರದಿ ಮುಂದುವರಿಯುತ್ತದೋ, ಮೊದಲಿಂದ ಶುರುವೋ. ಹೂಳು ತೆಗೆಸುವ ಖರ್ಚು ಯಾರದು. ಆ ಮೂರು ಪುಟ ಇವತ್ತಿಗೂ ನಿಂತಿವೆ.

ನಿಮ್ಮ ತೋಟದಲ್ಲೂ ಇಂಥವು ಇರುತ್ತವೆ. ರಸ್ತೆಯಿಂದ ಒಳಗಿನ ಪಾಲಿಗೆ ದಾರಿ ಎಷ್ಟು ಅಡಿ, ಲಾರಿ ಹೋಗುತ್ತಾ, ಜೀಪು ಮಾತ್ರಾನಾ? ಕಣ ಒಂದೇ ಇದ್ದರೆ ಕುಯ್ಲಿನ ತಿಂಗಳಲ್ಲಿ ಯಾರು ಯಾವ ವಾರ ಒಣಗಿಸಬೇಕು? ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಯಾರಿಗೆ? ಲೈನ್ ಮನೆಯಲ್ಲಿ ಇರುವ ಕೆಲಸದವರು ಯಾರ ಕಡೆ? ಗಡಿಯಲ್ಲಿರುವ ಸಿಲ್ವರ್ ಮರದ ಮೇಲೆ ಹಬ್ಬಿದ ಕಾಳುಮೆಣಸು ಯಾರದು? ಅಪ್ಪನ ಹೆಸರಿನ ಬೆಳೆ ಸಾಲ ಯಾರು ತೀರಿಸಬೇಕು? ಅಮ್ಮ ಯಾರ ಮನೆಯಲ್ಲಿ ಇರುತ್ತಾರೆ, ಅವರ ಔಷಧಿ ಖರ್ಚಿಗೆ ವರ್ಷಕ್ಕೆ ಎಷ್ಟು, ಯಾವ ತಿಂಗಳು? ಕೊನೆಯದನ್ನು ಬರೆಯಲು ಎಲ್ಲರಿಗೂ ನಾಚಿಕೆ. ಬರೆಯಿರಿ. ಒಳ್ಳೆಯ ವಕೀಲರು ಇದನ್ನೆಲ್ಲ ನಿಮ್ಮಿಂದ ಕೆದಕಿ ಕೇಳುತ್ತಾರೆ. ತೋಟಕ್ಕೇ ಒಂದು ಸಲ ಬಂದು ನೋಡಿಕೊಂಡು ಹೋದರೆ ಇನ್ನೂ ಒಳ್ಳೆಯದು.

ಮಾತು ಕೂಡಿಬಂದ ಮೇಲೆ ಅದಕ್ಕೆ ಕಾನೂನಿನ ಬಲ ಹೇಗೆ? ಕೇಸು ಇಲ್ಲದಿದ್ದರೆ, ನನ್ನ ಸಲಹೆ ನೋಂದಾಯಿತ ವಿಭಾಗ ಪತ್ರ. ಜಮೀನನ್ನು ಹಂಚುವ ಪತ್ರಕ್ಕೆ ನೋಂದಣಿ ಕಡ್ಡಾಯ. ಕೃಷಿ ಜಮೀನನ್ನು ಮನೆಯವರೇ ಹಂಚಿಕೊಂಡರೆ ಒಂದೊಂದು ಪಾಲಿಗೆ ನಿಗದಿ ಮೊತ್ತದ ಮುದ್ರಾಂಕ ಶುಲ್ಕ, ಕ್ರಯಕ್ಕೆ ಬೀಳುವಷ್ಟು ಬೀಳುವುದಿಲ್ಲ. ಒಂದು ಸರ್ವೆ ನಂಬರನ್ನು ತುಂಡು ಮಾಡುವುದಾದರೆ ಮೊದಲು ಅಳತೆಗೆ ಅರ್ಜಿ ಹಾಕಿ 11ಇ ನಕ್ಷೆ ಮಾಡಿಸಬೇಕು, ಅದಿಲ್ಲದೆ ನೋಂದಣಿ ಆಗುವುದಿಲ್ಲ. ಸರ್ವೆಯವರು ಬರುವ ತನಕ ಕಾಯಬೇಕು, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಕೇಸು ಇದ್ದರೆ ರಾಜಿ ಅರ್ಜಿಗೆ ಎಲ್ಲರೂ ಸಹಿ ಹಾಕಿ ಕೋರ್ಟಿಗೆ ಕೊಡುತ್ತಾರೆ, ಅದರ ಮೇಲೆ ಡಿಕ್ರಿ ಆಗುತ್ತದೆ. ಆಗ ಕಟ್ಟಿದ ಕೋರ್ಟ್ ಶುಲ್ಕ ವಾಪಸ್ ಕೇಳಲೂ ಅವಕಾಶ ಇದೆ. ಪಾಲುದಾರರಲ್ಲಿ ಯಾರಾದರೂ ಹದಿನೆಂಟು ತುಂಬದವರಿದ್ದು ಕೇಸು ನಡೆಯುತ್ತಿದ್ದರೆ, ಅವರ ಪರವಾಗಿ ರಾಜಿಗೆ ಕೋರ್ಟಿನ ಅನುಮತಿ ಬೇಕು.

2023ರಲ್ಲಿ ಮಧ್ಯಸ್ಥಿಕೆಗೆಂದೇ ಪ್ರತ್ಯೇಕ ಕಾಯ್ದೆ ಬಂದಿದೆ. ಅದರಲ್ಲಿ 120 ದಿನದ ಗಡುವು, ಬೇಕಿದ್ದರೆ ಇನ್ನೂ 60 ದಿನ, ರಾಜಿ ಒಪ್ಪಂದಕ್ಕೆ ಡಿಕ್ರಿಯಂಥ ಬಲ, ಹೀಗೆ ಒಳ್ಳೊಳ್ಳೆಯ ಮಾತುಗಳಿವೆ. ಆದರೆ ಎಲ್ಲ ಕಲಮುಗಳನ್ನೂ ಒಟ್ಟಿಗೆ ಜಾರಿಗೆ ತರಲಿಲ್ಲ, 2023ರ ಅಕ್ಟೋಬರ್ 9ರಂದು ಕೆಲವನ್ನು ಮಾತ್ರ ತಂದರು. ಆದ್ದರಿಂದ ಯಾರಾದರೂ 'ಹೊಸ ಕಾಯ್ದೆ ಇದೆ, ಇಲ್ಲೇ ಸಹಿ ಹಾಕಿದರೆ ಡಿಕ್ರಿ ಆಯ್ತು' ಅಂದರೆ, ಯಾವ ಕಲಂ, ಯಾವ ದಿನದಿಂದ ಜಾರಿ ಅಂತ ಕೇಳಿ. ಹಾಗೆಯೇ ಕಾಗದದಲ್ಲಿ 'ಆರ್ಬಿಟ್ರೇಷನ್' ಅನ್ನುವ ಪದ ಕಂಡರೆ ನಿಲ್ಲಿ. ಅದರಲ್ಲಿ ಮಧ್ಯೆ ಕೂತವರು ತೀರ್ಪು ಕೊಡುತ್ತಾರೆ, ನೀವು ಒಪ್ಪಬೇಕು. ಎರಡೂ ಒಂದಲ್ಲ.

ಮಧ್ಯಸ್ಥಿಕೆಯಿಂದ ಆಗದ ಕೆಲಸಗಳೂ ಇವೆ. ನಮ್ಮ ಕಡೆ ಹಿಡುವಳಿಗೆ ಅಂಟಿಕೊಂಡೇ ಒತ್ತುವರಿ ಜಾಗ ಇರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅದನ್ನು ಯಾರು ನೋಡಿಕೊಳ್ಳಬೇಕು ಅಂತ ಅಣ್ಣ ತಮ್ಮ ಮಾತಾಡಿಕೊಳ್ಳಬಹುದು. ಸರ್ಕಾರದ ಜಾಗದ ಮಾಲೀಕತ್ವವನ್ನು ರಾಜಿ ಪತ್ರ ಕೊಡುವುದಿಲ್ಲ. ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆಗೆ 1978ರ ಕಾಯ್ದೆಯ ತಡೆ ಇದೆ, ರಾಜಿ ಹೆಸರಿನಲ್ಲಿ ಅದನ್ನು ದಾಟಲು ಆಗುವುದಿಲ್ಲ. ಅಣ್ಣ ಈಗಲೇ ಮರ ಕಡಿಸುತ್ತಿದ್ದರೆ, ಜಮೀನನ್ನು ಯಾರಿಗೋ ಬರೆದುಕೊಡಲು ಹೊರಟಿದ್ದರೆ, ಮಾತುಕತೆ ಅಂತ ಕಾಯುತ್ತಾ ಕೂರಬೇಡಿ. ಪಾಲಿನ ದಾವೆ ಹಾಕಿ ತಡೆಯಾಜ್ಞೆ ಕೇಳಿ. ದಾವೆ ಹಾಕಿದರೂ ನ್ಯಾಯಾಧೀಶರು ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸುತ್ತಾರೆ, ಆ ಬಾಗಿಲು ಮುಚ್ಚುವುದಿಲ್ಲ. ಹಾಗೆ ಆಗಬಾರದು ಅನ್ನುವುದೇ ನಿಮ್ಮ ಆಸೆ, ಗೊತ್ತು. ರಾಜಿಯಾಗದೆ ಪೂರ್ತಿ ನಡೆದರೆ ಪಾಲಿನ ದಾವೆಯಲ್ಲಿ ಮೊದಲು ಯಾರಿಗೆ ಎಷ್ಟು ಪಾಲು ಅನ್ನುವ ಪ್ರಾಥಮಿಕ ಡಿಕ್ರಿ, ಆಮೇಲೆ ಜಮೀನನ್ನು ನಿಜವಾಗಿ ಹಂಚಿಕೊಡುವ ಅಂತಿಮ ಡಿಕ್ರಿ ಪ್ರಕ್ರಿಯೆ (ಎಫ್‌ಡಿಪಿ), ಮಧ್ಯೆ ಅಪೀಲು, ಅಳತೆ. ಅಮ್ಮನ ಕಾಲದಲ್ಲಿ ಮುಗಿಯುತ್ತದೆ ಅಂತ ಯಾವ ವಕೀಲರೂ ಭರವಸೆ ಕೊಡಲಾರರು.

ಲೆಕ್ಕದ ವಿಷಯವನ್ನು ಮಾತ್ರ ಮುಂದೂಡುತ್ತಾ ಹೋಗಬೇಡಿ. ಹಣದ ಬಾಕಿಗೆ ಸಾಮಾನ್ಯವಾಗಿ 3 ವರ್ಷದ ಕಾಲಮಿತಿ. ಮನೆಯಲ್ಲಿ ಮಾತುಕತೆ ನಡೆಯುತ್ತಿತ್ತು ಅನ್ನುವ ಕಾರಣಕ್ಕೆ ಅದು ನಿಲ್ಲುವುದಿಲ್ಲ. ಎರಡು ವರ್ಷ ಆಗಲೇ ಹೋಗಿದೆ ಅಂತ ನೀವೇ ಬರೆದಿದ್ದೀರಿ. ಇದನ್ನು ವಕೀಲರ ಮೊದಲ ಭೇಟಿಯಲ್ಲೇ ಹೇಳಿ.

ಹೋಗುವಾಗ ಪಹಣಿ, ಅಪ್ಪನ ಮರಣ ಪತ್ರ, ವಂಶವೃಕ್ಷ, ಹಳೇ ಮ್ಯುಟೇಷನ್ ಪ್ರತಿ, ಋಣಭಾರ ಪತ್ರ, ಬ್ಯಾಂಕ್ ಸಾಲದ ವಿವರ ತೆಗೆದುಕೊಂಡು ಹೋಗಿ. ಊರಿನ ಎರಡು ಪಂಚಾಯ್ತಿಯಲ್ಲಿ ಏನಾದರೂ ಬರೆದಿದ್ದರೆ ಆ ಚೀಟಿಯನ್ನೂ ಬಿಡಬೇಡಿ. ಪೌತಿ ಖಾತೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸುವುದು, ಈಗಲಾದರೂ ಮಾಡಿಸಿ, ನಾಲ್ವರ ಹೆಸರಿಗೂ ಜಂಟಿಯಾಗಿ. ಅದರಿಂದ ಪಾಲು ಆಗುವುದಿಲ್ಲ, ಆದರೆ ಎಲ್ಲರ ಹೆಸರೂ ಪಹಣಿಯಲ್ಲಿ ಕಾಣುತ್ತದೆ.

ದಿನ ಗೊತ್ತುಮಾಡುವಾಗ ಕುಯ್ಲಿನ ತಿಂಗಳು ಬಿಡಿ. ಕೆಲಸದವರಿಗೆ ಬಟವಾಡೆ ಮಾಡುವ ಚಿಂತೆಯಲ್ಲಿರುವ ಅಣ್ಣ ಕೋಣೆಯಲ್ಲಿ ಕೂತರೂ ಮನಸ್ಸು ತೋಟದಲ್ಲಿರುತ್ತದೆ. ಏಪ್ರಿಲ್, ಮೇ ಒಳ್ಳೆಯದು. ಕಾಫಿ ಮಾರಿರುತ್ತಾರೆ, ಮಳೆ ಹಿಡಿದಿರುವುದಿಲ್ಲ, ತಂಗಿಗೂ ಚಾರ್ಮಾಡಿ ಘಾಟಿ ಹತ್ತಿ ಬರುವುದು ಸಲೀಸು. ಅವಳಿಗೆ ಈ ವಾರವೇ ಫೋನ್ ಮಾಡಿ. ಪಾಲು ಬಿಡುತ್ತೀಯಾ ಅಂತ ಕೇಳಲು ಅಲ್ಲ, ಯಾವ ದಿನ ಬರಲು ಆಗುತ್ತದೆ ಅಂತ ಕೇಳಲು.